ಕೌದಿ ಹೊಲಿಯುವ ಕ್ರಮ: ಒಕ್ಕಲು ಮನೆಯ ಗೃಹಿಣಿಯರಿಗೆ ಒಂದು ಪಾಠ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರ್, ಎಲ್. ಎಜಿ., ಇವರಿಂದ)

ಹಿಂಗಾರಿ ಬೆಳೆಯ ಒಕ್ಕಣೆ ಮುಗಿದು ಕಾಳು ಮನೆಗೆ ಬಂದ ಮೇಲೆ, ಮುಂಗಾರಿನ ಬಿತ್ತನೆಗೆ ಹೊಲವು ಹದವಾಗುವವರೆಗೆ, ಮಳೆಯನ್ನೇ ನಂಬಿದ ಸೀಮೆಯ ಒಕ್ಕಲು ಮನೆಗಳಲ್ಲಿ ಎರಡು ಮೂರು ತಿಂಗಳ ಬಿಡುವು ದೊರೆಯುವುದು. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಮುಂತಾದ ಜಿಲ್ಲೆಗಳ ಹೆಂಗಸರು ಈ ಬಿಡುವಿನಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿಯನ್ನು ಹೊಲಿಯುವುದು ತಲೆಮಾರುಗಳಿಂದ ಬಂದ ರೂಢಿಯಾಗಿದೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಸಿಂಧ್ ಮತ್ತು ರಾಜಸ್ಥಾನಗಳ ರಲ್ಲಿ ಇವೆಲ್ಲವೂ ಇದೇ ಜಾತಿಯ ಹೊದಿಕೆಗಳು.

ವ್ಯವಸಾಯದ ಪತ್ರಿಕೆಯಲ್ಲಿ ಸೂಜಿದಾರದ ಮಾತೇಕೆಂದು ಕೆಲವರು ಕೇಳಬಹುದು. ಹತ್ತಿಯನ್ನು ಬೆಳೆಯುವವನು ರೈತನು. ಆ ಹತ್ತಿಯ ಬಟ್ಟೆಯನ್ನು ಕಡೆಯ ಎಳೆಯವರೆಗೂ ಉಪಯೋಗಕ್ಕೆ ತರುವವಳು ಅವನ ಮನೆಯವಳು. ಹೊಲದಲ್ಲಿ ಗಳಿಸಿದ ರೂಪಾಯಿಗೂ ಮನೆಯಲ್ಲಿ ಉಳಿಸಿದ ರೂಪಾಯಿಗೂ ಬೆಲೆಯಲ್ಲಿ ಭೇದವಿಲ್ಲ. ಅಲ್ಲದೆ, ಮುಂದೆ ಕಂಡುಬರುವಂತೆ, ಹೊಲದ ಕೆಲವು ಕೆಡಕುಗಳು ಹಳೆಯ ಬಟ್ಟೆಯ ಮೂಲಕ ಮನೆಯ ಹಾಸಿಗೆಗೆ ಬರುವ ಸಂಭವವೂ ಉಂಟು. ಆದಕಾರಣ ಈ ವಿಷಯವು ನಮ್ಮ ವಾಚಕರಿಗೆ ಹೊರಗಿನದಲ್ಲ.

ಕೌದಿಯ ಬಾಳಿಕೆಯು ಯಾವುದನ್ನು ಅವಲಂಬಿಸಿದೆ?

ತಿರುಗಾಟದಲ್ಲಿ ಒಂದು ಹಳ್ಳಿಯ ಮನೆಯಲ್ಲಿ ನನಗೆ ಎರಡು ಕೌದಿಗಳನ್ನು ತೋರಿಸಿದರು. ಒಂದು ಬಣ್ಣಬಣ್ಣದ ತುಂಡುಗಳಿಂದ ಕಂಗೊಳಿಸುತ್ತಿದ್ದರೂ ಎರಡು ವರುಷಕ್ಕೇ ನಡುವೆ ಬಿರಿದು ಒಳಪದರವು ಹೊರಬಿದ್ದಿತ್ತು. ಇನ್ನೊಂದು ಬಣ್ಣಗೆಟ್ಟಿದ್ದರೂ ಮೂರು ಮಕ್ಕಳನ್ನು ಮಲಗಿಸಿ ಗಟ್ಟಿಯಾಗಿತ್ತು. ಕಾರಣವನ್ನು ಕೇಳಲು ಆ ಮನೆಯ ವೃದ್ಧೆಯು, "ಮ್ಯಾಲಿನ ಬಣ್ಣ ನೋಡಬ್ಯಾಡ್ರಿ ಸಾಹೇಬ್ರ, ಒಳಗಿನ ಅರಬಿ ನೋಡ್ರಿ" ಎಂದು ಹೇಳಿದಳು. ಈ ಒಂದು ಮಾತಿನಲ್ಲಿ ಪಾಠದ ಸಾರವೆಲ್ಲ ಅಡಗಿದೆ.

ಇದನ್ನು ಲೆಕ್ಕದಿಂದಲೂ ತಿಳಿಯಬಹುದು. 72 ಅಂಗುಲ ಉದ್ದ, 54 ಅಂಗುಲ ಅಗಲದ ಕೌದಿಗೆ ಅಂಗುಲಕ್ಕೊಂದರಂತೆ ಉದ್ದಸಾಲುಗಳನ್ನು ಹೊಲಿದರೆ 54 ಸಾಲುಗಳಾಗುವುವು. ಹೊಲಿಗೆಯ ಒಟ್ಟು ಉದ್ದವು 3,888 ಅಂಗುಲ, ಅಂದರೆ 108 ಗಜ. ಅಂಗುಲಕ್ಕೆ ನಾಲ್ಕು ಹೊಲಿಗೆಗಳಂತೆ ಎಣಿಸಿದರೆ 15,552 ಹೊಲಿಗೆಗಳು. ಇಷ್ಟು ಸಾರಿ ಸೂಜಿಯನ್ನು ಚುಚ್ಚಿ ಎಳೆದ ಶ್ರಮವು ಜೀರ್ಣವಾದ ಬಟ್ಟೆಯ ಮೇಲೆ ಬಿದ್ದರೆ ಎರಡೇ ವರುಷಗಳಲ್ಲಿ ವ್ಯರ್ಥವಾಗುವುದು. ಗಟ್ಟಿ ಬಟ್ಟೆಯ ಮೇಲೆ ಬಿದ್ದರೆ ಬಹುಕಾಲ ನಿಲ್ಲುವುದು. ಹೊಲಿಗೆಯ ಶ್ರಮವಾದರೋ ಎರಡಕ್ಕೂ ಒಂದೇ. ಆದುದರಿಂದ ಸೂಜಿಯನ್ನು ಹಿಡಿಯುವುದಕ್ಕೆ ಮುಂಚೆ ಬಟ್ಟೆಯನ್ನು ಆರಿಸುವುದರಲ್ಲಿ ಒಂದು ದಿನವನ್ನು ಕಳೆಯುವುದು ಲಾಭಕರವಾದುದು.

ಬಟ್ಟೆಯ ಆಯ್ಕೆ

1. ಬಲಪರೀಕ್ಷೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಳೆಗಳು ತೆಳುವಾಗಿ ಜಾಳಾದ ಭಾಗವನ್ನು ಕತ್ತರಿಸಿ ಬಿಡತಕ್ಕದ್ದು. ಬಳಿಕ ಎರಡು ಕೈಗಳಿಂದ ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಎಳೆದು ನೋಡಬೇಕು. ಸುಲಭವಾಗಿ ಹರಿದರೆ ಅದು ಕೌದಿಗೆ ಯೋಗ್ಯವಲ್ಲ. ಸೀರೆಯಲ್ಲಿ ನೆಲಕ್ಕೆ ತಾಕುವ ಕೆಳಗಿನ ಅಂಚು ಬೇಗನೆ ಸವೆಯುವುದು. ಒಳಗೆ ಸಿಕ್ಕಿಸಿಕೊಂಡ ತುದಿಯ ಕಡೆಯಲ್ಲಿ ಬಹಳ ಮಟ್ಟಿಗೆ ಒಳ್ಳೆಯ ಬಟ್ಟೆ ಉಳಿದಿರುವುದು.

2. ನೂಲಿನ ಪರೀಕ್ಷೆ. ಇಂದಿನ ಮನೆಗಳಲ್ಲಿ ಶುದ್ಧ ಹತ್ತಿಯ ಬಟ್ಟೆಗಿಂತ ಪಾಲಿಯೆಸ್ಟರ್ ಬೆರೆತ ಬಟ್ಟೆಯೇ ಹೆಚ್ಚು. ಕಣ್ಣಿಗೆ ಇವುಗಳ ಭೇದವು ತಿಳಿಯದಿದ್ದರೆ ನಾಲ್ಕು ಎಳೆಗಳನ್ನು ಬಿಚ್ಚಿ, ಇಕ್ಕಳದಿಂದ ಹಿಡಿದು, ಲೋಹದ ತಟ್ಟೆಯ ಮೇಲೆ ಉರಿಗೆ ಒಡ್ಡಿ ನೋಡಬಹುದು. ಮಕ್ಕಳು ಹತ್ತಿರವಿರಬಾರದು. ಹತ್ತಿಯ ಎಳೆಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುವುದು. ಪಾಲಿಯೆಸ್ಟರ್ ಎಳೆಯು ಕರಗಿ ಮುದುಡಿ, ಆರಿದ ಮೇಲೆ ಗಟ್ಟಿಯಾದ ಕರಿಯ ಮಣಿಯಂತಾಗುವುದು. ಇಂತಹ ಬಟ್ಟೆಯು ಬೆವರನ್ನು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುವುದು. ಬಾಣಂತಿಯ ಮಂಚದ ಬಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಡುವ ಮನೆಗಳಲ್ಲಿ ಇದರಿಂದ ಒದಗುವ ಅಪಾಯವನ್ನು ಬೇರೆ ಹೇಳಬೇಕಾದುದಿಲ್ಲ. ಆದಕಾರಣ ಕೂಸಿನ ಕೌದಿಗೂ ಬಾಣಂತಿಯ ಕೌದಿಗೂ ಶುದ್ಧ ಹತ್ತಿಯನ್ನೇ ಬಳಸತಕ್ಕದ್ದು. ಬೆರಕೆ ಬಟ್ಟೆಯನ್ನು ಜಗಲಿಯ ಹಾಸು, ಗಾಡಿಯ ಹಾಸು ಮುಂತಾದುವುಗಳಿಗೆ ಪ್ರತ್ಯೇಕವಾಗಿಟ್ಟುಕೊಳ್ಳಬಹುದು. ಇಳಕಲ್ ಸೀರೆಗಳಲ್ಲಿಯೂ ಹತ್ತಿಯದು, ರೇಷ್ಮೆಯದು, ಕೃತಕ ರೇಷ್ಮೆಯದು ಎಂಬ ಭೇದಗಳಿರುವುದರಿಂದ ಅವುಗಳನ್ನೂ ಪರೀಕ್ಷಿಸದೆ ಬೆರೆಸಬಾರದು.

3. ಕುಗ್ಗು ಮತ್ತು ಬಣ್ಣ. ಆರಿಸಿದ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಹೊಸ ತುಂಡುಗಳನ್ನು ಸೇರಿಸುವುದಾದರೆ ಇದು ಮತ್ತಷ್ಟು ಅವಶ್ಯಕ. ಏಕೆಂದರೆ ಹೊಸ ಬಟ್ಟೆಯು ಮೊದಲನೆಯ ಒಗೆತದಲ್ಲಿ ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ಹರಿಯುವುದು. ಗಾಢವರ್ಣದ ಬಟ್ಟೆಯ ಮೇಲೆ ಒದ್ದೆಯಾದ ಬಿಳಿಯ ಚಿಂದಿಯನ್ನು ಉಜ್ಜಿ, ಬಣ್ಣ ಬಿಡುವುದೋ ಇಲ್ಲವೋ ನೋಡತಕ್ಕದ್ದು.

ಅವಶ್ಯವಾಗಿ ವರ್ಜಿಸತಕ್ಕ ಬಟ್ಟೆಗಳು

ಈ ಭಾಗವನ್ನು ಮನೆಯ ಗಂಡಸರೂ ಓದಬೇಕೆಂದು ಕೋರುತ್ತೇನೆ. ಹತ್ತಿ, ಮೆಣಸಿನಕಾಯಿ, ತೊಗರಿ, ದ್ರಾಕ್ಷಿ ಮುಂತಾದ ಬೆಳೆಗಳಿಗೆ ಕೀಟನಾಶಕವನ್ನು ಸಿಂಪಡಿಸುವಾಗ ರೈತರು ಸಾಮಾನ್ಯವಾಗಿ ಹಳೆಯ ಅಂಗಿ, ಲುಂಗಿ, ತಲೆಗೆ ಸುತ್ತಿದ ವಸ್ತ್ರಗಳನ್ನೇ ಧರಿಸುವರು. ಆ ಬಟ್ಟೆಗಳು ಮುಂದೆ ಚಿಂದಿಯ ಗಂಟನ್ನು ಸೇರಿ, ಅಲ್ಲಿಂದ ಕೌದಿಯ ಒಳಪದರಕ್ಕೆ ಬರುವುದುಂಟು. ಒಗೆದರೆ ವಿಷವು ಪೂರ್ತಿಯಾಗಿ ಹೋಗುವುದೆಂದು ನಂಬಲಾಗದು. ಎಣ್ಣೆಯಂತಹ ದ್ರಾವಕದಲ್ಲಿ ಕರಗಿಸಿ, ನೀರಿಗೆ ಬೆರೆಸಿದೊಡನೆ ಹಾಲಿನಂತಾಗುವ ಔಷಧಗಳ ಅಂಶವು ನೂಲಿನಲ್ಲಿ ಹೆಚ್ಚಾಗಿ ಹಿಡಿದುಕೊಳ್ಳುವುದು. ಕೌದಿಯ ಮೇಲೆ ಮಲಗುವ ಕೂಸಿನ ಚರ್ಮವು ಎಳೆಯದು. ಅದು ಬಟ್ಟೆಯನ್ನು ಬಾಯಿಗೂ ಇಟ್ಟುಕೊಳ್ಳುವುದು.

ಆದುದರಿಂದ ಸಿಂಪರಣೆಗೆ ಬಳಸಿದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು, ಬೇರೆಯಾಗಿಯೇ ಇಡಬೇಕು. ಅದರ ಒಂದು ತುಂಡೂ ಕೌದಿಗೆ, ಕುಂಚಿಗೆಗೆ, ಕೈಒರಸಿಗೆ ಸೇರಬಾರದು. ನೀರು ಬೆರೆಸದ ಔಷಧವು ಚೆಲ್ಲಿದ ಬಟ್ಟೆಯನ್ನು ಒಗೆದು ಮತ್ತೆ ಧರಿಸಲೂ ಬಾರದು. ಮನೆಯ ಒಲೆಯಲ್ಲಿ ಸುಡಲೂ ಬಾರದು. ಬೀಜೋಪಚಾರ ಮಾಡಿದ ಬಿತ್ತನೆಬೀಜದ ಚೀಲಗಳನ್ನೂ ಇದೇ ರೀತಿಯಾಗಿ ದೂರವಿಡಬೇಕು. ರಸಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೌದಿಯ ಅಡಿಪದರಕ್ಕೆ ಹಾಕುವ ರೂಢಿಯು ಕೆಲವೆಡೆಗಳಲ್ಲಿ ಕಂಡುಬರುತ್ತದೆ. ನೆಲದ ತೇವವು ಮೇಲೇರದಿರಲೆಂಬುದು ಅದರ ಉದ್ದೇಶ. ಆದರೆ ಮೈಯ ಬೆವರೂ ಅದೇ ಚೀಲದ ಮೇಲೆ ನಿಂತು ಒಳಪದರವು ಮುಗ್ಗುಹಿಡಿಯುವುದು. ತೇವಕ್ಕೆ ಕೌದಿಯ ಕೆಳಗೆ ಚಾಪೆಯನ್ನು ಹಾಸುವುದೇ ತಕ್ಕ ಉಪಾಯ.

ಸಲಕರಣೆಗಳು

ಹರಿತವಾದ ಕತ್ತರಿ, ಅಳತೆಪಟ್ಟಿ, ಗುರುತು ಮಾಡಲು ಸೀಮೆಸುಣ್ಣ, ಉದ್ದನೆಯ ಗಟ್ಟಿ ಸೂಜಿ, ನಡುಬೆರಳಿಗೆ ತೊಡುವ ಅಂಗುಸ್ತಾನ ಇಷ್ಟು ಸಾಕು. ದಾರವು ದಪ್ಪನಾದ ಹತ್ತಿಯದಾಗಿರಬೇಕು. ನೈಲಾನ್ ದಾರವು ತಾನು ಹರಿಯದಿದ್ದರೂ ಹಳೆಯ ಬಟ್ಟೆಯನ್ನು ಕೊಯ್ಯುವುದು. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟುಬೀಳದೆ ಸರಾಗವಾಗಿ ಓಡುವುದು. ಒಂದು ಸಾರಿಗೆ ಎರಡು ಮೊಳಕ್ಕಿಂತ ಉದ್ದವಾದ ದಾರವನ್ನು ಪೋಣಿಸಬಾರದು. ಮೇಲೆ ಹೇಳಿದ 108 ಗಜದ ಹೊಲಿಗೆಗೆ, ಏರಿಳಿತವನ್ನೂ ತುದಿಗಳನ್ನೂ ಸೇರಿಸಿ, ಒಂಟಿ ಎಳೆಯಾದರೆ ಸುಮಾರು 150 ಗಜ ದಾರವನ್ನು ಸಿದ್ಧಮಾಡಿಕೊಳ್ಳಬೇಕು. ಜೋಡಿ ಎಳೆಯಾದರೆ ಅದರ ಎರಡರಷ್ಟು.

ಸುಲಭವಾದ ಮೂರು ಚೌಕಗಳು

ತುಂಡುಗಳನ್ನು ಯಾವಾಗಲೂ ಹಾಸು ಹೊಕ್ಕುಗಳಿಗೆ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಅಂಚು ಎಳೆದಂತೆ ಹಿಗ್ಗಿ ಚೌಕವು ಸೊಟ್ಟಗಾಗುವುದು. ಜೋಡಿಸುವಾಗ ಅಂಚಿನಿಂದ ಅರ್ಧ ಅಂಗುಲ ಒಳಗೆ ಹೊಲಿಯುವುದು ಹಳೆಯ ಬಟ್ಟೆಗೆ ಹಿತ; ಕಡಿಮೆ ಬಿಟ್ಟರೆ ಎಳೆ ಬಿಚ್ಚಿಕೊಳ್ಳುವುದು. ಕೆಳಗಿನ ಅಳತೆಗಳಲ್ಲಿ ಈ ಅರ್ಧ ಅಂಗುಲವು ಸೇರಿದೆ.

ಮೊದಲನೆಯದು, ನಾಲ್ಕು ಮನೆಯ ಚೌಕ. 4 ಅಂಗುಲದ ಎರಡು ಕಪ್ಪುಛಾಯೆಯ ಮತ್ತು ಎರಡು ತಿಳಿಛಾಯೆಯ ತುಂಡುಗಳನ್ನು ಎದುರುಬದುರಾಗಿ ಜೋಡಿಸಿದರೆ, ಸಿದ್ಧವಾದ ಮೇಲೆ 6 ಅಂಗುಲದ ಚೌಕವಾಗುವುದು. ಕಲಿಯುವ ಬಾಲಕಿಯರಿಗೆ ಇದೇ ಮೊದಲ ಪಾಠವಾಗಿರಲಿ.

ಎರಡನೆಯದು, ಒಂಬತ್ತು ಮನೆಯ ಚೌಕ. 4 ಅಂಗುಲದ ಐದು ಕಪ್ಪು, ನಾಲ್ಕು ತಿಳಿ ತುಂಡುಗಳನ್ನು ಚದುರಂಗದ ಪಟದಂತೆ ಮೂರು ಮೂರರ ಸಾಲಾಗಿ ಹೊಲಿದು, ಬಳಿಕ ಮೂರು ಸಾಲುಗಳನ್ನು ಕೂಡಿಸಬೇಕು. ಸಿದ್ಧವಾದ ಚೌಕವು 9 ಅಂಗುಲ. ಒಂದೊಂದು ಸಾಲಿನ ಮಡಿಕೆಯನ್ನು ಒಂದೊಂದು ದಿಕ್ಕಿಗೆ ಒತ್ತಿದರೆ ಸಂಧಿಯಲ್ಲಿ ದಪ್ಪವು ಒಂದೇ ಕಡೆ ಸೇರದೆ ಸೂಜಿಯು ಸುಲಭವಾಗಿ ಇಳಿಯುವುದು.

ಮೂರನೆಯದು, ಗಿರಗಿಟ್ಲೆ ಚೌಕ. 5 ಅಂಗುಲದ ಒಂದು ಕಪ್ಪು, ಒಂದು ತಿಳಿ ತುಂಡನ್ನು ಮುಖಕ್ಕೆ ಮುಖವಿಟ್ಟು ಮೂಲೆಯಿಂದ ಮೂಲೆಗೆ ಗೆರೆಯೆಳೆಯಬೇಕು. ಗೆರೆಯ ಎರಡು ಪಕ್ಕಗಳಲ್ಲಿಯೂ ಅರ್ಧ ಅಂಗುಲ ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿದರೆ ಅರ್ಧ ಕಪ್ಪು ಅರ್ಧ ತಿಳಿಯಾದ ಎರಡು ಚೌಕಗಳು ದೊರೆಯುವುವು. ಅವನ್ನು 4 ಅಂಗುಲಕ್ಕೆ ಸವರಿಕೊಳ್ಳಬೇಕು. ಇಂತಹ ನಾಲ್ಕನ್ನು ಗಾಳಿಗೆ ತಿರುಗುವ ಕಾಗದದ ಗಿರಗಿಟ್ಲೆಯಂತೆ ಕೂಡಿಸಿದರೆ 6 ಅಂಗುಲದ ಚೌಕವಾಗುವುದು. ಹೊಲಿದ ಮೇಲೆ ಕತ್ತರಿಸುವುದರಿಂದ ಓರೆಯ ಅಂಚು ಹಿಗ್ಗುವ ದೋಷವು ತಪ್ಪುವುದು.

ಒಂದು ಮಾದರಿ. 72ಕ್ಕೆ 54 ಅಂಗುಲದ ಕೌದಿಗೆ ಉದ್ದಕ್ಕೆ ಎಂಟು, ಅಗಲಕ್ಕೆ ಆರರಂತೆ 9 ಅಂಗುಲದ 48 ಚೌಕಗಳು ಬೇಕು. ಇವುಗಳಲ್ಲಿ 24 ಒಂಬತ್ತು ಮನೆಯವು, 24 ಸಾದಾ ಚೌಕಗಳು. ಒಂದು ಬಿಟ್ಟು ಒಂದರಂತೆ ಜೋಡಿಸುವುದು. ಆಗ 4 ಅಂಗುಲದ ಕಪ್ಪು ತುಂಡುಗಳು 120, ತಿಳಿ ತುಂಡುಗಳು 96, ಸಾದಾ ಚೌಕಕ್ಕೆ 10 ಅಂಗುಲದ ತುಂಡುಗಳು 24 ಬೇಕಾಗುವುವು. 45 ಅಂಗುಲ ಅಗಲದ ಬಟ್ಟೆಯಲ್ಲಿ ಇವಕ್ಕೆಲ್ಲ ಒಟ್ಟು ಸುಮಾರು 4 ಗಜ ಸಾಕು. ಸಾದಾ ಚೌಕಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಬಟ್ಟೆಯನ್ನಿಡಿರಿ. ಗುಳೇದಗುಡ್ಡದ ಕಣದ ತುಂಡುಗಳಿದ್ದರೆ ನೂಲನ್ನು ಪರೀಕ್ಷಿಸಿ ಚಿಕ್ಕ ಮನೆಗಳಿಗೆ ಬಳಸಬಹುದು.

ಪದರಗಳನ್ನು ಹಾಸುವುದು

ಅಸ್ತರು ಮೇಲ್ಪದರಕ್ಕಿಂತ ಪ್ರತಿ ಕಡೆಯಲ್ಲಿಯೂ 2 ಅಂಗುಲ ಹೆಚ್ಚಾಗಿ, ಅಂದರೆ 76ಕ್ಕೆ 58 ಅಂಗುಲ ಇರಬೇಕು. ಒಂದೇ ಸೀರೆಯ ಅಗಲವು ಇದಕ್ಕೆ ಸಾಲದು. 76 ಅಂಗುಲದ ಎರಡು ತುಂಡುಗಳನ್ನು ಅಗಲಕ್ಕೆ ಕೂಡಿಸಿ ಕತ್ತರಿಸಿಕೊಳ್ಳಬೇಕು. ನಡುವೆ ಹಳೆಯ ಧೋತರ ಅಥವಾ ಸೀರೆಯ ಒಂದರಿಂದ ಮೂರು ಪದರಗಳು. ಒಟ್ಟು ಐದು ಪದರಗಳನ್ನು ಮೀರಿದರೆ ಸೂಜಿಯು ನೇರವಾಗಿ ಇಳಿಯದೆ ಹೊಲಿಗೆಯು ಅಡಿಯಲ್ಲಿ ಡೊಂಕಾಗುವುದು. ನಡುವೆ ಹಳೆಯ ಕಂಬಳಿಯನ್ನು ಹಾಕಬಾರದು. ಉಣ್ಣೆಯು ಒಗೆತದಲ್ಲಿ ಕುಗ್ಗಿ ಗಂಟಾಗುವುದಲ್ಲದೆ, ಹತ್ತಿಗೆ ಬಾರದ ನುಸಿಹುಳು ಉಣ್ಣೆಗೆ ಬರುವುದು.

ಗುಡಿಸಿ ಒರಸಿದ ನೆಲದ ಮೇಲೆ ಅಸ್ತರನ್ನು ಸುಕ್ಕಿಲ್ಲದೆ ಹಾಸಿ, ನಾಲ್ಕು ಮೂಲೆಗಳಲ್ಲಿ ತೊಳೆದ ಕಲ್ಲುಗಳನ್ನಿಟ್ಟು, ಅದರ ಮೇಲೆ ನಡುಪದರ, ಮೇಲ್ಪದರಗಳನ್ನು ಹರಡಬೇಕು. ಬಳಿಕ ಮಧ್ಯದಿಂದ ನಾಲ್ಕು ದಿಕ್ಕುಗಳಿಗೆ, ಒಂದು ಗೇಣಿನ ಅಂತರದಲ್ಲಿ, ಉದ್ದನೆಯ ಕಚ್ಚಾ ಹೊಲಿಗೆಯನ್ನು ಹಾಕಬೇಕು. ಪಕ್ಕಾ ಹೊಲಿಗೆಯೂ ಮಧ್ಯದ ಸಾಲಿನಿಂದಲೇ ಆರಂಭವಾಗಬೇಕು. ಹೀಗೆ ಮಾಡಿದರೆ ಬಟ್ಟೆಯ ಸಡಿಲವೆಲ್ಲ ಅಂಚಿಗೆ ತಳ್ಳಲ್ಪಟ್ಟು ಹೊರಗೆ ಹೋಗುವುದು. ಅಂಚುಗಳಿಂದ ಆರಂಭಿಸಿದರೆ ಸಡಿಲವು ನಡುವೆ ಸಿಕ್ಕಿಬಿದ್ದು ಉಬ್ಬಾಗುವುದು. ದಾರದ ಗಂಟನ್ನು ಪದರಗಳ ನಡುವೆ ಅಡಗಿಸಬೇಕು. ದಾರ ಮುಗಿಯುವಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಬಿಡಬೇಕು. ಸಾಲುಗಳ ಅಂತರವು ಅಂಗುಲವನ್ನು ಮೀರದಿರಲಿ; ದಿನವೂ ಬಳಸುವ ಕೌದಿಗೆ ಒಂದು ಬೆರಳಗಲವೇ ಉತ್ತಮ. ಒಂದು ಎಳೆ ಹರಿದರೂ ಪಕ್ಕದ ಸಾಲುಗಳು ಪದರಗಳನ್ನು ಹಿಡಿದಿರುವುವು.

ಸಿದ್ದಿ ಹೆಂಗಸರ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಆಫ್ರಿಕಾಮೂಲದ ಸಿದ್ದಿ ಜನರು ವಾಸಿಸುವರು. 2003ರಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿಸಲ್ಪಟ್ಟರು. ಇವರ ಹೆಂಗಸರು ಹೊಲಿಯುವ ಕವಂದಿಯ ಕ್ರಮವು ಮೇಲೆ ಹೇಳಿದುದಕ್ಕೆ ತೀರ ವಿರುದ್ಧವಾದುದು. ಅವರು ಚೌಕಗಳನ್ನು ಮುಂಚಿತವಾಗಿ ಜೋಡಿಸುವುದಿಲ್ಲ. ಅಡಿಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ತೊಡಗಿ, ಅಂಚಿನ ಗುಂಟ ತುಂಡುಗಳನ್ನು ಒಂದೊಂದಾಗಿ ಇಟ್ಟು ಮಡಿಸಿ ಹೊಲಿಯುತ್ತ, ಸುತ್ತುಸುತ್ತಾಗಿ ಮಧ್ಯಕ್ಕೆ ಬಂದು ಮುಗಿಸುವರು. ಕಡೆಗೆ ನಾಲ್ಕು ಮೂಲೆಗಳಲ್ಲಿ ಮಡಿಚಿದ ಮುಮ್ಮೂಲೆಯ ತುಂಡುಗಳನ್ನು ಕೂಡಿಸುವರು. ಇವಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು.

ಅಂಚಿನಿಂದ ಆರಂಭಿಸಿದರೂ ಇಲ್ಲಿ ಉಬ್ಬು ಬಾರದಿರುವುದೇಕೆ? ಮೇಲ್ಪದರವು ಮುಂಚೆಯೇ ಸಿದ್ಧವಾದ ಒಂದೇ ಹಾಳೆಯಾಗಿರುವುದಿಲ್ಲ. ಪ್ರತಿ ತುಂಡನ್ನು ಇಡುವಾಗಲೂ ಸಡಿಲವನ್ನು ಸರಿಪಡಿಸಿಕೊಳ್ಳಬಹುದು. ತುಂಡುಗಳು ಒಂದೇ ಅಳತೆಯಲ್ಲಿರಬೇಕಾದುದೂ ಇಲ್ಲ. ಆದಕಾರಣ ಚಿಕ್ಕ, ಅಡ್ಡಾದಿಡ್ಡಿ ಚಿಂದಿಗಳೇ ಹೆಚ್ಚಾಗಿರುವ ಮನೆಗೆ ಈ ಕ್ರಮವು ಅನುಕೂಲ. ದೊಡ್ಡ ತುಂಡುಗಳಿರುವ ಮನೆಗೆ ಚೌಕದ ಕ್ರಮವು ಅನುಕೂಲ. ಎರಡನ್ನೂ ಒಂದೇ ಕೌದಿಯಲ್ಲಿ ಬೆರೆಸಬಾರದು.

ಅಂಚುಪಟ್ಟಿ

ಕೌದಿಯಲ್ಲಿ ಮೊದಲು ಸವೆಯುವುದು ಅಂಚು. ಅಸ್ತರಿನ ಹೆಚ್ಚಳವನ್ನೇ ಮೇಲಕ್ಕೆ ಮಡಿಸಿ ಹೊಲಿಯುವುದು ಸುಲಭವೇನೋ ನಿಜ. ಆದರೆ ಅದು ಹರಿದರೆ ಅಸ್ತರೇ ಹರಿದಂತಾಗುವುದು. ಹೆಚ್ಚಳವನ್ನು ಕತ್ತರಿಸಿ, 3 ಅಂಗುಲ ಅಗಲದ ಗಟ್ಟಿ ಪಟ್ಟಿಯನ್ನು ಬೇರೆಯಾಗಿ ಸುತ್ತಿದರೆ, ಸವೆದಾಗ ಅದನ್ನು ಮಾತ್ರ ಬಿಚ್ಚಿ ಹೊಸದನ್ನು ಹಾಕಬಹುದು. ನಮ್ಮ ಮಾದರಿಯ ಸುತ್ತಳತೆಯು 252 ಅಂಗುಲ, ಅಂದರೆ 7 ಗಜ. ಮೂಲೆಗಳಿಗೂ ಜೋಡಣೆಗೂ ಸೇರಿ ಏಳೂವರೆ ಗಜ ಪಟ್ಟಿ ಬೇಕು.

ಹತ್ತಿ ತುಂಬುವುದಾದರೆ

ಚಳಿ ಹೆಚ್ಚಾದ ಕಡೆಗಳಲ್ಲಿ ನಡುವೆ ಹಿಂಜಿದ ಹತ್ತಿಯನ್ನು ತುಂಬುವರು. ಇದಕ್ಕೆ ನೂಲುವ ಉದ್ದ ಎಳೆಯ ಹತ್ತಿಗಿಂತ ಗಿಡ್ಡ, ಒರಟು ಎಳೆಯ ದೇಶೀ ಹತ್ತಿಯು ಮೇಲು. ಅದು ಒತ್ತಿದರೂ ಮತ್ತೆ ಉಬ್ಬುವುದು, ಬೇಗನೆ ಚಪ್ಪಟೆಯಾಗುವುದಿಲ್ಲ. ನಮ್ಮ ದೇಶದಲ್ಲಿ 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಬಳಿಕ ಸಂಕರ ತಳಿಗಳು ಹಬ್ಬಿ ದೇಶೀ ಹತ್ತಿಯ ಕ್ಷೇತ್ರವು ಬಹಳ ಕುಗ್ಗಿದೆ. ಬೀಜ ದೊರೆಯುವ ಕಡೆಗಳಲ್ಲಿ ಹೊಲದ ಬದಿಯ ನಾಲ್ಕು ಸಾಲುಗಳಲ್ಲಿ ದೇಶೀ ಹತ್ತಿಯನ್ನು ಬೆಳೆದುಕೊಂಡರೆ ಮನೆಯ ಹೊದಿಕೆಗೆ ಒದಗುವುದು. ತುಂಬಿದ ಹತ್ತಿಯು ಒಂದೆಡೆಗೆ ಜರುಗದಂತೆ 2 ಅಂಗುಲಕ್ಕೊಂದು ಸಾಲು ಹಾಕಬೇಕು. ಇಂತಹ ಹೊದಿಕೆಯನ್ನು ಪದೇಪದೇ ಒಗೆಯಲಾಗದಾದುದರಿಂದ ಮೇಲೊಂದು ಕಳಚುವ ಗವಸಣಿಗೆಯು ಅವಶ್ಯಕ.

ಆರೈಕೆ

ಕೌದಿಗೆ ಗಂಜಿ ಹಾಕಬಾರದು. ಗಂಜಿಯ ಆಸೆಗೆ ಬೆಳ್ಳಿಮೀನು ಹುಳು ಬರುವುದು. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಎರಡು ಮಗ್ಗುಲುಗಳನ್ನೂ ಕಾಯಿಸಬೇಕು. ಒಗೆದಾಗ ಹಿಂಡಿ ತಿರುವದೆ, ನೀರನ್ನು ಬಸಿದು, ಎರಡು ಹಗ್ಗಗಳ ಮೇಲೆ ಭಾರವನ್ನು ಹಂಚಿ ಹರಡಬೇಕು. ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನೆಲೆಗಳೊಡನೆ ಪೆಟ್ಟಿಗೆಯಲ್ಲಿಡಬೇಕು. ಚಿಕ್ಕ ತೂತು ಕಂಡ ದಿನವೇ ತೇಪೆ ಹಾಕಬೇಕು. ಕೂಸಿನ ವಿಷಯದಲ್ಲಿ ಒಂದು ಎಚ್ಚರ: ಎಳೆಗೂಸಿಗೆ ಭಾರವಾದ ಕೌದಿಯನ್ನು ಹೊದಿಸಬಾರದು, ಅದು ಮುಖದ ಮೇಲೆ ಬಿದ್ದರೆ ಉಸಿರು ಕಟ್ಟುವ ಭಯವುಂಟು. ಕೂಸಿನ ಕೆಳಗೆ ಬಿಗಿಯಾಗಿ, ಸುಕ್ಕಿಲ್ಲದೆ ಹಾಸುವುದು ಸರಿ.

ಮಾರಾಟದ ಲೆಕ್ಕ

ನಾಡಿನ ಹಲವೆಡೆಗಳಲ್ಲಿ ಗೊಂದಳಿ ಹೆಂಗಸರು ಊರಿಂದೂರಿಗೆ ಹೋಗಿ ಕೂಲಿಗೆ ಕೌದಿ ಹೊಲಿದುಕೊಡುವುದು ಹಿಂದಿನಿಂದ ಬಂದ ವೃತ್ತಿ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಂತಹ ಸ್ವಸಹಾಯ ಸಂಘಗಳವರೂ ಇದನ್ನು ಉಪಕಸುಬಾಗಿ ಕೈಕೊಳ್ಳಬಹುದು. ಆದರೆ ಹಳೆಯ ಬಟ್ಟೆಯೆಂದು ಬೆಲೆಯನ್ನು ಇಳಿಸಿ ಮಾರುವುದು ನಷ್ಟಕ್ಕೆ ದಾರಿ. ಪ್ರತಿ ಕೌದಿಗೂ ಒಂದು ಚೀಟಿಯಲ್ಲಿ ದಾರ, ಸೂಜಿ, ಅಂಚುಪಟ್ಟಿಗಳ ಖರ್ಚನ್ನೂ ದುಡಿದ ದಿನಗಳನ್ನೂ ಬರೆದಿಡಬೇಕು. ದುಡಿದ ದಿನಗಳನ್ನು ಊರಿನ ಕೂಲಿದರದಿಂದ ಗುಣಿಸಿ, ಖರ್ಚನ್ನು ಕೂಡಿಸಿದರೆ ಬರುವುದು ಅಸಲು; ಅದಕ್ಕಿಂತ ಕಡಿಮೆಗೆ ಕೊಟ್ಟ ಕೌದಿಯು ದಾನವೇ ಹೊರತು ವ್ಯಾಪಾರವಲ್ಲ. ಕೊಳ್ಳುವವರಿಗೆ ಯಾವ ನೂಲಿನ ಬಟ್ಟೆಯೆಂಬುದನ್ನು ನಿಜವಾಗಿ ತಿಳಿಸಬೇಕು. ಒಮ್ಮೆ ಗಳಿಸಿದ ನಂಬಿಕೆಯೇ ಮುಂದಿನ ಗಿರಾಕಿಯನ್ನು ಕರೆತರುವುದು.

ಸಾರಾಂಶ

ಬಟ್ಟೆಯನ್ನು ಪರೀಕ್ಷಿಸದೆ ಕತ್ತರಿಸಬಾರದು. ಸಿಂಪರಣೆಯ ಬಟ್ಟೆಯನ್ನು ಎಂದಿಗೂ ಸೇರಿಸಬಾರದು. ಕೂಸಿಗೆ ಶುದ್ಧ ಹತ್ತಿಯನ್ನಲ್ಲದೆ ಬೇರೆಯದನ್ನು ಹಾಸಬಾರದು. ಚೌಕದ ಕೌದಿಯನ್ನು ಮಧ್ಯದಿಂದ ಹೊಲಿಯಬೇಕು. ಸಾಲುಗಳು ಅಂಗುಲವನ್ನು ಮೀರಬಾರದು. ಅಂಚುಪಟ್ಟಿಯನ್ನು ಬೇರೆಯಾಗಿ ಹಾಕಬೇಕು. ಈ ಬೇಸಿಗೆಯ ಬಿಡುವಿನಲ್ಲಿ ಮನೆಯ ಚಿಂದಿಯ ಗಂಟನ್ನು ಬಿಚ್ಚಿ, ಮೊದಲು ಹೊಲದ ಬಟ್ಟೆಯನ್ನೂ ಮನೆಯ ಬಟ್ಟೆಯನ್ನೂ ಬೇರ್ಪಡಿಸಿರಿ. ಅಷ್ಟನ್ನು ಮಾಡಿದರೆ ಕೌದಿಯ ಕೆಲಸದಲ್ಲಿ ಅರ್ಧಭಾಗವು ಮುಗಿದಂತೆಯೇ ಸರಿ.